ಬೆಟ್ಟದ ಕಾಲುದಾರಿ ದುರಸ್ತಿಯ ಸ್ವಯಂಸೇವೆಗೆ ಅನುಭವವಿಲ್ಲದವರು ಸೇರಬಹುದೇ?

ಗುದ್ದಲಿ ಹಿಡಿದು ಅಭ್ಯಾಸವಿಲ್ಲ, ಭಾರ ಎತ್ತುವ ಶಕ್ತಿಯೂ ಕಡಿಮೆ, ಆದರೂ ಬೆಟ್ಟದ ದಾರಿಗಳನ್ನು ನೋಡಿಕೊಳ್ಳುವ ತಂಡಕ್ಕೆ ಸೇರುವ ಆಸೆಯಿದೆ ಎಂದು ಬರೆದಿದ್ದೀರಿ. ಖಂಡಿತ ಸೇರಿ. ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ತೋಳ್ಬಲಕ್ಕಿಂತ ಮುಖ್ಯವಾಗಿ ಬೇಕಾದದ್ದು ನೀರು ಹರಿಯುವ ಬಗೆಯನ್ನು ಗಮನಿಸುವ ಕಣ್ಣು.

ಜನ ತುಳಿದು ತುಳಿದು ದಾರಿಯ ನಡುಭಾಗ ತಗ್ಗಾಗುತ್ತದೆ. ಮಳೆನೀರು ಆ ತಗ್ಗಿಗೆ ಇಳಿದು, ಇಳಿಜಾರಿನುದ್ದಕ್ಕೂ ರಭಸ ಹೆಚ್ಚಿಸಿಕೊಳ್ಳುತ್ತ ಮಣ್ಣನ್ನು ಕೊಚ್ಚುತ್ತದೆ. ಕಲ್ಲು, ಬೇರು ಮೇಲೆದ್ದ ಮೇಲೆ ನಡೆಯುವುದು ಕಷ್ಟ. ಜನ ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ. ಹುಲ್ಲು ಸಾಯುತ್ತದೆ, ಅಲ್ಲಿಯೂ ಕೊರಕಲು ಬೀಳುತ್ತದೆ. ಹೀಗೆ ಒಬ್ಬರು ನಡೆಯುವಷ್ಟಿದ್ದ ದಾರಿ ಇಡೀ ಇಳಿಜಾರನ್ನೇ ನುಂಗುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ನಮ್ಮ ದುಡಿಮೆಯ ಬಹುಪಾಲು ನೀರನ್ನು ದಾರಿಯಿಂದ ಬೇಗ ಹೊರಗೆ ಹಾಯಿಸುವುದರಲ್ಲಿಯೇ ಕಳೆಯುತ್ತದೆ. ದಾರಿಯ ಮೇಲ್ಮೈಯನ್ನು ಇಳಿಜಾರಿನ ಕಡೆಗೆ ಸುಮಾರು ಶೇ. 5ರಷ್ಟು ವಾಲಿಸುತ್ತೇವೆ. ಅಷ್ಟು ಸಾಲದ ಕಡೆ ದಾರಿಗೆ ಓರೆಯಾಗಿ ಕಲ್ಲುಗಳ ಅಡ್ಡಕಟ್ಟೆ ಹೂಳುತ್ತೇವೆ. ಪ್ರತಿ ಕಲ್ಲಿನ ಹೆಚ್ಚಿನ ಭಾಗ ನೆಲದೊಳಗೇ ಇರಬೇಕು. ಮೇಲೆ ಕೂರಿಸಿದ ಕಲ್ಲು ಬೇಗ ಅಲುಗಾಡತೊಡಗುತ್ತದೆ. ಇದಕ್ಕೆಲ್ಲ ಅನುಭವಿಗಳಿದ್ದಾರೆ, ಹಾರೆಯಿದೆ.

ಆದರೆ ಆ ಕಟ್ಟೆಯ ಪಕ್ಕದ ಕಾಲುವೆಗೆ ಹೂಳು, ತರಗೆಲೆ ತುಂಬಿಕೊಂಡರೆ ನೀರು ಕಟ್ಟೆ ದಾಟಿ ಮತ್ತೆ ದಾರಿಗೇ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸಲು ಒಂದು ಸಲಿಕೆ ಮತ್ತು ತಾಳ್ಮೆ ಸಾಕು. ಇದು ನಿಮ್ಮಿಂದ ಖಂಡಿತ ಆಗುತ್ತದೆ. ಇದನ್ನು ಕಿರುಕೆಲಸವೆಂದು ಭಾವಿಸಬೇಡಿ. ಹೊಸ ಮೆಟ್ಟಿಲು ಕಟ್ಟಿದ್ದಕ್ಕಿಂತ ಹೂಳು ತೆಗೆದದ್ದರಿಂದಲೇ ಹೆಚ್ಚು ದಾರಿಗಳು ಉಳಿದಿವೆ ಎಂಬುದು ನನ್ನ ದೃಢ ಅಭಿಪ್ರಾಯ. ದಾರಿಗೆ ಚಾಚಿದ ರೆಂಬೆಗಳನ್ನು ಕತ್ತರಿಸುವುದು, ತಿರುವುಗಳ ನಡುವೆ ಜನ ಮಾಡಿಕೊಂಡ ಅಡ್ಡದಾರಿಗಳನ್ನು ಒಣಕೊಂಬೆ ಹಾಕಿ ಮುಚ್ಚುವುದು ಇವೂ ಇವೆ.

ಸ್ವಯಂಸೇವಕರು ಎಷ್ಟು ಮಾಡಬಲ್ಲರು ಎಂಬ ಅನುಮಾನವಿದ್ದರೆ ಅಮೆರಿಕದ ಅಪಲಾಚಿಯನ್ ಟ್ರೇಲ್ ನೋಡಿ. 1921ರಲ್ಲಿ ಬೆಂಟನ್ ಮೆಕಾಯ್ ಮುಂದಿಟ್ಟ ಆ ಯೋಜನೆ 1937ರಲ್ಲಿ ಪೂರ್ಣಗೊಂಡಿತು. 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಸಾಗುವ ಆ ದಾರಿಯನ್ನು ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರ ಕ್ಲಬ್‌ಗಳೇ ಕಾಪಾಡುತ್ತಿವೆ.

ಒಂದು ಎಚ್ಚರಿಕೆ: ಒಳ್ಳೆಯ ಮನಸ್ಸಿನಿಂದಲೇ ಆದರೂ ಒಬ್ಬರೇ ಹೋಗಿ ಅಗೆಯಬೇಡಿ. ಜಾಗದ ಒಡೆಯರ ಅಥವಾ ಅರಣ್ಯ ಇಲಾಖೆಯ ಅನುಮತಿ ಬೇಕು. ತಪ್ಪು ಕಡೆ ತೋಡಿದ ಕಾಲುವೆ ಕೆಳಗಿನ ಮಣ್ಣನ್ನು ಕೊರೆಯುತ್ತದೆ. ಪಿಕಾಸಿ ಬೀಸುವವರಿಂದ ದೂರ ನಿಲ್ಲಿ. ಕಲ್ಲನ್ನು ಎತ್ತುವ ಬದಲು ಹಾರೆಯಿಂದ ಮೀಟಿ ಸರಿಸಿ, ಅದರಡಿ ಬೆರಳು ಹಾಕಬೇಡಿ. ಮೊದಲ ದಿನಕ್ಕೆ ಗಟ್ಟಿ ಬೂಟು, ಕೈಗವಸು, ಸಾಕಷ್ಟು ಕುಡಿಯುವ ನೀರು ಇದ್ದರೆ ಸಾಕು. ಸಲಕರಣೆಗಳನ್ನು ಸಾಮಾನ್ಯವಾಗಿ ತಂಡವೇ ಕೊಡುತ್ತದೆ.