ಶ್ರಾವಣದ ಮಳೆಯಲ್ಲಿ ಹುರುಳಿ ಒಕ್ಕಣೆಯೇ?

ನಮಸ್ಕಾರ.

ನೀವು ಕಳಿಸಿದ ‘ಹಸಿರ ಮಡಿಲಲ್ಲಿ ಒಂದು ದಿನ’ ಓದಿದೆ. ಮೈಸೂರಿನಿಂದ ಗೆಳೆಯನೊಡನೆ ಬೈಕಿನಲ್ಲಿ ಹೊರಟು, ಮದ್ದೂರು, ಕೊಕ್ಕರೆಬೆಳ್ಳೂರು, ಮಳವಳ್ಳಿ ಹಾದು ಗಗನಚುಕ್ಕಿ ಜಲಪಾತ ನೋಡಿ ಬಂದ ಕಥನ. ಈಗಿರುವ ಹಾಗೆ ಇದನ್ನು ಪತ್ರಿಕೆಗೆ ಹಾಕಲಾಗುವುದಿಲ್ಲ. ‘ಸ್ಥಳಾವಕಾಶವಿಲ್ಲ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊನೆಯ ಪುಟಗಳಲ್ಲಿ ಎಲ್ಲೋ ಸಿಕ್ಕಿಕೊಂಡಿರುವ ಒಂದು ಅರ್ಧ ಪುಟ ಹಾಗೆ ಮಾಡಲು ಬಿಡಲಿಲ್ಲ.

ಮೊದಲು ತಕರಾರು. ಶ್ರಾವಣದ ತುಂತುರಿನಲ್ಲಿ ಹೊರಟೆವು ಎನ್ನುತ್ತೀರಿ. ಬೆಳ್ಳೂರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟುತ್ತಿದ್ದವು ಎನ್ನುತ್ತೀರಿ. ಮಳವಳ್ಳಿ ಕಡೆಯ ರಸ್ತೆಯಲ್ಲಿ ಹುರುಳಿ ಹರಡಿದ್ದರು ಎನ್ನುತ್ತೀರಿ. ಈ ಮೂರೂ ಒಂದೇ ದಿನ ಹೇಗೆ ಕೂಡಿಬಂದವು? ಹೆಜ್ಜಾರ್ಲೆ ಬೆಳ್ಳೂರಿಗೆ ಬರುವುದು ಚಳಿಗಾಲಕ್ಕೆ. ಮರಿ ಮಾಡಿಕೊಂಡು, ಮುಂಗಾರು ಹಿಡಿಯುವ ಹೊತ್ತಿಗೆ ಊರು ಬಿಟ್ಟಿರುತ್ತದೆ. ಹುರುಳಿ ಒಕ್ಕಣೆಯೂ ಸಂಕ್ರಾಂತಿಯ ಆಸುಪಾಸಿನದು. ಹಕ್ಕಿಗೂ ಹುರುಳಿಗೂ ಕಾಲ ಹೊಂದುತ್ತದೆ, ಹೊಂದದೆ ಹೊರಗೆ ನಿಲ್ಲುವುದು ನಿಮ್ಮ ಮಳೆ ಮಾತ್ರ. ನನ್ನ ಊಹೆ ಹೇಳಲೇ? ನೀವು ಹೋದದ್ದು ಜನವರಿಯಲ್ಲಿ. ಗಗನಚುಕ್ಕಿಯಲ್ಲಿ ನೀರು ಸಣ್ಣಗಿತ್ತು. ‘ಹಾಲ್ನೊರೆಯಾಗಿ ಧುಮ್ಮಿಕ್ಕುವ ಕಾವೇರಿ’ ಇಲ್ಲದೆ ಪ್ರಬಂಧ ಮುಗಿಯುವುದು ಹೇಗೆಂದು ಶ್ರಾವಣವನ್ನು ಸಾಲ ತಂದಿರಿ.

ತರಬೇಕಾಗಿರಲಿಲ್ಲ. ಬಂಡೆ ಬಿಟ್ಟುಕೊಂಡು ನಿಂತ ಗಗನಚುಕ್ಕಿಯನ್ನೇ ಬರೆಯಬಹುದಿತ್ತು. ನೀರು ಎಲ್ಲಿ ಹೋಯಿತು ಅಂತ ಅಲ್ಲಿ ನಿಂತವರಿಗೆ ಅನ್ನಿಸಲೇಬೇಕಲ್ಲ? ಮೇಲೆಯೇ ನದಿಯನ್ನು ತಿರುಗಿಸಿ, ನಾಲೆಯಲ್ಲಿ ತಂದು, ದಪ್ಪ ಪೈಪುಗಳಲ್ಲಿ ವಿದ್ಯುತ್ ಕೇಂದ್ರಕ್ಕೆ ಇಳಿಸುತ್ತಾರೆ. 1902ರಲ್ಲಿ ಇಲ್ಲಿಂದ ಕರೆಂಟು ಹೊರಟದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ. ಜಲಪಾತ ನೋಡಲು ಅಷ್ಟು ದೂರ ಬಂದು ಬಂಡೆ ನೋಡಿಕೊಂಡು ನಿಂತ ಇಬ್ಬರು ಹುಡುಗರು ನನಗೆ ಹಾಲ್ನೊರೆಗಿಂತ ಇಷ್ಟವಾಗುತ್ತಿದ್ದರು.

ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ‘ಗಾಳಿಯನ್ನು ಸೀಳುತ್ತ’ ಬೈಕು ಓಡಿಸಿದ್ದೂ ಇಂಥದ್ದೇ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಕಳೆದ ವರ್ಷ ಹೋದದ್ದು ಎಂದು ನೀವೇ ಬರೆದಿದ್ದೀರಿ, ಅಂದರೆ ಸರ್ವಿಸ್ ರಸ್ತೆಯಲ್ಲೇ ಹೋಗಿರಬೇಕು. ಎಳನೀರು ರಾಶಿ ಹಾಕಿಕೊಂಡವರು, ಕಬ್ಬು ಹೇರಿಕೊಂಡು ವಾಲುತ್ತ ಹೋಗುವ ಟ್ರ್ಯಾಕ್ಟರು, ಸೋಗೆ ಕಂತೆಯ ಕೆಳಗೆ ಕಾಣದೇ ಹೋದ ಟಿ.ವಿ.ಎಸ್., ಎಲ್ಲ ಇರುವುದು ಅಲ್ಲೇ. ಮೇಲಿನ ರಸ್ತೆ ಮಂಡ್ಯ, ಮದ್ದೂರು ಎರಡನ್ನೂ ಮುಟ್ಟದೆ ದಾಟಿಬಿಡುತ್ತದೆ. ರೈಲು ಪ್ರಯಾಣಿಕರಿಂದ ಹೆಸರಾದ ಮದ್ದೂರು ವಡೆ ತಿನ್ನಲು ಈಗ ಬೇಕೆಂದೇ ಊರೊಳಗೆ ಇಳಿಯಬೇಕು. ನೀವು ಇಳಿದಿರಿ, ತಿಂದಿರಿ. ಬರೆದದ್ದು ಮಾತ್ರ ‘ಗರಿಗರಿಯಾದ ವಡೆಯ ಘಮ’ ಎಂಬ ಮೂರು ಪದ.

ನೀವು ಬರೆದ ಹಾಗೆ ಹೆಜ್ಜಾರ್ಲೆ ಸೈಬೀರಿಯಾದಿಂದೇನೂ ಬರುವುದಿಲ್ಲ. ಅದು ನಮ್ಮ ಉಪಖಂಡದ್ದೇ ಹಕ್ಕಿ. ಹಕ್ಕಿ ಕಂಡ ಕೂಡಲೇ ಸೈಬೀರಿಯಾ ಅನ್ನುವ ಚಾಳಿ ನಮ್ಮ ಅನೇಕರಿಗಿದೆ, ನಿಮ್ಮೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಇನ್ನು ‘ಪ್ರಕೃತಿ ಮಾತೆ’. ಪುಟಕ್ಕೊಮ್ಮೆ ಬರುತ್ತಾಳೆ. ಬೆಳ್ಳೂರಿನ ಹುಣಸೆ ಬಿಟ್ಟರೆ ಇಡೀ ಬರಹದಲ್ಲಿ ಒಂದು ಮರದ ಹೆಸರಿಲ್ಲ. ಆಕೆಗೆ ಸ್ವಲ್ಪ ರಜೆ ಕೊಡಿ.

ಈಗ ಆ ಅರ್ಧ ಪುಟ. ರಸ್ತೆ ತುಂಬ ಹುರುಳಿ ಹರಡಿದೆ. ಜಾರಿ ಬೀಳುವ ಭಯಕ್ಕೆ ನೀವು ಬೈಕನ್ನು ಅಂಚಿಗೆ ತಂದಿರಿ. ಮೊರ ಹಿಡಿದು ಕೂತಿದ್ದ ಅಜ್ಜಿ ಗದರಿದರು. ನಿಮ್ಮ ಭಯ ಸುಳ್ಳಲ್ಲ, ಹುರುಳಿ ಬಳ್ಳಿಯ ಮೇಲೆ ಬೈಕಿನವರು ಬೀಳುತ್ತಲೇ ಇರುತ್ತಾರೆ, ರಸ್ತೆಯಲ್ಲಿ ಒಕ್ಕಣೆ ಬೇಡವೆಂದು ಹೇಳುವವರು ಹೇಳುತ್ತಲೇ ಇರುತ್ತಾರೆ. ಅಜ್ಜಿಗೆ ಬೇಕಾದದ್ದು ಕಾಳು ಬಿಡಲು ಚಕ್ರ ಮೇಲೆ ಹಾಯುವುದು. ನೀವಿಬ್ಬರೂ ಒಬ್ಬರ ಕೆಲಸಕ್ಕೆ ಒಬ್ಬರು ಅಡ್ಡ ನಿಂತಿದ್ದೀರಿ, ಇಬ್ಬರದೂ ಸರಿ. ಇಡೀ ಪ್ರವಾಸದಲ್ಲಿ ನಿಮ್ಮೊಡನೆ ಮಾತಾಡಿದ ಹೊರಗಿನ ಜೀವ ಅದೊಂದೇ. ಆಕೆಯ ಬಾಯಲ್ಲಿ ನೀವು ಇಟ್ಟ ಮಾತು ನೋಡಿ: ‘ಮಗು, ಬದಿಯಲ್ಲಿ ಏಕೆ ಚಲಿಸುವೆ? ದಯಮಾಡಿ ಇದರ ಮೇಲೆಯೇ ಸಾಗು.’ ಮಳವಳ್ಳಿ ಸೀಮೆಯ ಯಾವ ಅಜ್ಜಿ ಹೀಗೆ ಮಾತಾಡುತ್ತಾರೆ! ‘ಯಾಕ್ ಮಗ ಅಂಚಲ್ಲೋಯ್ತೀಯೆ, ಮ್ಯಾಲೇ ಹತ್ತುಸ್ಕಂಡೋಗು ಕಣ್ಲಾ’ ಅಂದಿರಬೇಕು. ನಾನು ಮೈಸೂರು ಪೇಟೆಯವನು, ನನ್ನದೂ ತಪ್ಪಿರಬಹುದು. ನಿಮ್ಮ ಅವ್ವನನ್ನು ಕೇಳಿ ಬರೆಯಿರಿ.

ಅಲ್ಲಿಂದ ನಿಮಗೆ ನಿಮ್ಮೂರಿನ ಒಕ್ಕಣೆಯ ಕಣ ನೆನಪಾಗುತ್ತದೆ. ಸಗಣಿ ಬಗ್ಗಡ ಹಾಕಿ ಸಾರಿಸಿದ ನೆಲ, ಎತ್ತಿನ ಹಿಂದೆ ಉರುಳುವ ರೋಣಗಲ್ಲು, ರಾತ್ರಿ ಕಾವಲಿಗೆ ತಾತನ ಜೊತೆ ಮಲಗಿದ್ದು. ಆಮೇಲೆ ಈ ವಾಕ್ಯ: ‘ನಮ್ಮ ಕಣ ಈಗ ಮೂವತ್ತು ನಲವತ್ತರ ಸೈಟು.’ ಇದನ್ನು ಬರೆದವರು ನೀವೇ ತಾನೆ? ಹಾಗಾದರೆ ಹುರುಳಿ ರಸ್ತೆಗೆ ಯಾಕೆ ಬಂತು ಅನ್ನುವುದಕ್ಕೆ ಅರ್ಧ ಉತ್ತರ ನಿಮ್ಮ ಮನೆಯಲ್ಲೇ ಇದೆ. ಅದನ್ನು ಹೇಳದೆ ಮುಂದಿನ ಸಾಲಿನಲ್ಲಿ ‘ಕಾಲಚಕ್ರ ಯಾರನ್ನೂ ಬಿಡದು’ ಅಂತ ನಿಟ್ಟುಸಿರಿಟ್ಟು ಬೈಕು ಹತ್ತಿಬಿಟ್ಟಿರಿ. ಸೈಟು ಮಾರಿದವರು ಯಾರು, ತಾತ ಆಗ ಇದ್ದರೇ, ರೋಣಗಲ್ಲು ಈಗ ಎಲ್ಲಿ ಬಿದ್ದಿದೆ? ನನಗೆ ಇವು ಬೇಕು. ಮನೆಯವರಿಗೆ ಬೇಸರವಾಗುತ್ತದೆ ಎನ್ನಿಸಿದರೆ ಮಾರಿದವರ ಸುದ್ದಿ ಬಿಡಿ, ಕಲ್ಲಿನ ಸುದ್ದಿ ಬಿಡಬೇಡಿ.

ಅಜ್ಜಿ ಗದರುವಲ್ಲಿಂದ ಶುರುಮಾಡಿ. ಮೈಸೂರಿನ ಮುಂಜಾವು, ಚಾಮುಂಡಿ ಬೆಟ್ಟದ ಮಂಜು, ಗೆಳೆಯನ ಹೊಸ ಹೆಲ್ಮೆಟ್ಟು ಯಾವುದೂ ಬೇಡ. ಬೆಳ್ಳೂರು ಇರಲಿ, ಚಿಕ್ಕದಾಗಿ. ಹೆರಿಗೆಗೆ ತವರಿಗೆ ಬಂದ ಮಗಳು ಅಂತ ಊರವರು ಹಕ್ಕಿಯನ್ನು ಕರೆಯುವುದನ್ನು ನೀವು ಕೇಳಿಸಿಕೊಂಡಿದ್ದರೆ ಮಾತ್ರ ಬರೆಯಿರಿ, ನನ್ನ ಪತ್ರ ನೋಡಿ ಸೇರಿಸಬೇಡಿ. ಒಣಗಿದ ಗಗನಚುಕ್ಕಿಗೆ ಒಂದು ಪ್ಯಾರಾ ಸಾಕು.

ಎಂಟುನೂರು ಪದ ಮೀರದಿರಲಿ. ಫೋಟೊ ಕಳಿಸಬೇಡಿ, ನಮ್ಮದು ಕಪ್ಪು-ಬಿಳುಪು ಅಚ್ಚು. ಯುಗಾದಿ ಸಂಚಿಕೆಯ ಪುಟಗಳು ತುಂಬಿವೆ, ಅದರ ಮುಂದಿನದಕ್ಕೆ ನೋಡುತ್ತೇನೆ. ಹಾಕುತ್ತೇನೆಂಬ ಖಾತ್ರಿ ಈಗಲೇ ಕೊಡಲಾರೆ.