ಸಂಪಾದಕರ ಉತ್ತರ: ಊರು ಅದಲಿಬದಲಿ

ಬಾಗಲಕೋಟೆ ನವನಗರದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: '1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮ ನೋಡಿ ಜನರನ್ನು ಅದಲಿಬದಲಿ ಮಾಡಿಕೊಂಡವು, ಜಗಳ ಮುಗಿಯಿತು. 1947ರಲ್ಲಿ ನಾವೂ ಪೂರ್ತಿ ಹಾಗೇ ಮಾಡಿದ್ದರೆ ಒಳ್ಳೆಯದಿತ್ತು, ಅಲ್ವಾ?'

ಮಾಸ್ತರರೇ, ಜಗಳ ಎಲ್ಲಿ ಮುಗಿಯಿತು? 1955ರಲ್ಲಿ ಇಸ್ತಾಂಬುಲ್‌ನಲ್ಲಿ ಉಳಿದಿದ್ದ ಗ್ರೀಕರ ಮನೆ, ಅಂಗಡಿ, ಚರ್ಚುಗಳಿಗೆ ಗುಂಪು ನುಗ್ಗಿತು. 1974ರಲ್ಲಿ ಗ್ರೀಕರೂ ತುರ್ಕರೂ ಇದ್ದ ಸೈಪ್ರಸ್ ದ್ವೀಪ ಇಬ್ಭಾಗವಾಯಿತು. ನಮ್ಮಲ್ಲೂ ಒಪ್ಪಂದವಿಲ್ಲದೆಯೇ ಪಂಜಾಬಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಅದಲಿಬದಲಿ ಆಯಿತು. ಲಕ್ಷಗಟ್ಟಲೆ ಜನ ಸತ್ತರು. ಆಮೇಲೆ 1965, 1971ರ ಯುದ್ಧ ತಪ್ಪಿತೇ?

1923ರ ಜನವರಿ 30ರಂದು ಲೌಸಾನ್‌ನಲ್ಲಿ ಸಹಿಯಾದ ಆ ಒಪ್ಪಂದ ಯಾರ ಇಷ್ಟವನ್ನೂ ಕೇಳಲಿಲ್ಲ, ಮನೆಮಾತನ್ನೂ ಕೇಳಲಿಲ್ಲ. ಟರ್ಕಿಯ ನಡುಭಾಗದ ಕ್ಯಾಪಡೋಷಿಯಾದಲ್ಲಿ ಟರ್ಕಿಶ್ ಮಾತಾಡುವ ಕ್ರೈಸ್ತರಿದ್ದರು. ಟರ್ಕಿಶನ್ನೇ ಗ್ರೀಕ್ ಅಕ್ಷರದಲ್ಲಿ ಬರೆಯುತ್ತಿದ್ದರು, ನಮ್ಮಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ಹಾಗೆ. ಅವರನ್ನು ಗ್ರೀಸಿಗೆ ಕಳಿಸಿದರು. ಗ್ರೀಸಿನ ಕ್ರೀಟ್ ದ್ವೀಪದ ಮುಸ್ಲಿಮರ ಮಾತು ಗ್ರೀಕ್. ಅವರನ್ನು ಟರ್ಕಿಗೆ. ಹೋದ ಕಡೆ ಆ ಕ್ರೈಸ್ತರಿಗೆ 'ಟರ್ಕಿಯ ಬೀಜ' ಎಂಬ ಬೈಗುಳ, ಈ ಮುಸ್ಲಿಮರಿಗೆ 'ಅರ್ಧ ಕಾಫಿರ' ಎಂಬ ಬೈಗುಳ. ನಮ್ಮ ಹಳ್ಳಿಗಳಲ್ಲಿ ಮೊಹರಂಗೆ ಕನ್ನಡದಲ್ಲೇ ರಿವಾಯತ್ ಪದ ಹಾಡುವ ಮುಸ್ಲಿಮರನ್ನು ಕನ್ನಡವೇ ಬಾರದ ಊರಿಗೆ ಒಯ್ದು, 'ಇದೇ ನಿಮ್ಮೂರು' ಅಂದ ಹಾಗಾಯಿತು. (ಅವರ ಜೊತೆ ಹಾಡುವ ಹಿಂದೂಗಳು ಇಲ್ಲೇ ಉಳಿಯುತ್ತಿದ್ದರು. ಮೇಳ ಅರ್ಧ ಆಗುತ್ತಿತ್ತು, ಅಷ್ಟೇ.)

ಸುಮಾರು 12 ಲಕ್ಷ ಕ್ರೈಸ್ತರು, ಮೂರೂವರೆ ಲಕ್ಷಕ್ಕೂ ಜಾಸ್ತಿ ಮುಸ್ಲಿಮರು ಊರು ಕಳೆದುಕೊಂಡರು. ಕ್ರೈಸ್ತರಲ್ಲಿ ಬಹಳ ಜನ 1922ರ ಗ್ರೀಸ್-ಟರ್ಕಿ ಯುದ್ಧದಲ್ಲೇ ಜೀವ ಉಳಿಸಿಕೊಂಡು ಓಡಿ ಬಂದಿದ್ದರು. ಗಲಾಟೆ ತಣ್ಣಗಾದ ಮೇಲೆ ವಾಪಸ್ ಹೋಗೋಣ ಅಂತ ಕಾದವರಿಗೆ ಒಪ್ಪಂದ ಬಾಗಿಲು ಹಾಕಿತು.

ಮನೆ, ಹೊಲದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಹೊತ್ತುಕೊಂಡು ಹೋಗುವ ಸಾಮಾನು ಒಯ್ಯಬಹುದಿತ್ತು. ಬಿಟ್ಟು ಹೋದದ್ದಕ್ಕೆ ಆಯೋಗವೊಂದು ಬೆಲೆ ಕಟ್ಟಬೇಕಿತ್ತು. ವರ್ಷಗಟ್ಟಲೆ ಕಾಗದ ಓಡಾಡಿದವು. ಕೊನೆಗೆ 1930ರಲ್ಲಿ ಎರಡೂ ಸರ್ಕಾರಗಳು ಲೆಕ್ಕಕ್ಕೆ ಲೆಕ್ಕ ವಜಾ ಹಾಕಿಕೊಂಡವು. ಬಿಟ್ಟು ಹೋದ ಆಸ್ತಿ ಆಯಾ ಸರ್ಕಾರದ ಪಾಲಾಯಿತು.

ಆಲಮಟ್ಟಿ ಹಿನ್ನೀರು ಬಂದಾಗ ನೀವು ಹಳೇ ಮನೆಯ ತಲಬಾಗಿಲ ಚೌಕಟ್ಟು ಕೀಳಿಸಿ, ಚಕ್ಕಡಿಯಲ್ಲಿ ಹೇರಿಕೊಂಡು ಬಂದು ನವನಗರದ ಮನೆಗೆ ಕೂಡಿಸಿದ್ದನ್ನು ನಮ್ಮ ದೀಪಾವಳಿ ಸಂಚಿಕೆಗೆ ಬರೆದಿದ್ದಿರಿ. ಹೊಸ ಗೋಡೆಗೆ ಅದು ನಾಲ್ಕು ಬೆರಳು ದೊಡ್ಡದಾಯಿತು ಅಂದಿದ್ದಿರಿ. ನೀವು ಬಂದದ್ದು ಆಟೋದಲ್ಲಿ ಹೋಗಿ ಬರುವಷ್ಟು ದೂರ. ಸುತ್ತ ಅದೇ ಮಾತು, ಅದೇ ರೊಟ್ಟಿ. ಆದರೂ ಈ ಪತ್ರದ ಕೊನೆಗೆ, ನಿಮ್ಮ ಹಳೇ ಓಣಿಯ ಫೋಟೋ ಕಚೇರಿಯಲ್ಲಿ ಇದೆಯೇ ಅಂತ ಕೇಳಿದ್ದೀರಿ. ಹುಡುಕಿಸಿದ್ದೇನೆ. ಒಂದು ಸಿಕ್ಕಿದೆ, ನಿಮ್ಮ ಮನೆ ಅದರಲ್ಲಿ ಇಲ್ಲ. ಎರಡು ಮನೆ ಆಚೆಗಿನ ಕಟ್ಟೆ ಕಾಣುತ್ತದೆ. ಬೇಕಾದರೆ ಬಂದು ಒಯ್ಯಿರಿ.