ನ್ಯೂಟ್ರಾನಿಗೆ ಎಲೆಕ್ಟ್ರಾನಿನ ಹಂಗೇಕೆ?

ಓದುಗರೊಬ್ಬರ ಪ್ರಶ್ನೆ: “ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಎಲೆಕ್ಟ್ರಾನಿಗೆ ಬೈಜಿಕ ಬಲ (ನ್ಯೂಕ್ಲಿಯಸ್ಸಿನ ಕಣಗಳನ್ನು ಹಿಡಿದಿಡುವ ಬಲ) ತಾಗುವುದಿಲ್ಲ. ಹಾಗಿದ್ದ ಮೇಲೆ ನ್ಯೂಟ್ರಾನ್ ಚದುರಿಕೆಯಲ್ಲಿ (ವಸ್ತುವಿಗೆ ಬಡಿದ ನ್ಯೂಟ್ರಾನುಗಳು ಯಾವ ದಿಕ್ಕಿಗೆ ಎಷ್ಟು ಚದುರುತ್ತವೆಂದು ಅಳೆಯುವಾಗ) ಎಲೆಕ್ಟ್ರಾನಿನ ವರ್ತನೆಯಿಂದ ಬೈಜಿಕ ಬಲವನ್ನು ತಿಳಿಯುವುದು ಹೇಗೆ?”

ಸಂಪಾದಕರ ಉತ್ತರ:

ನಿಮ್ಮ ಎರಡು ಮಾತೂ ಸರಿಯೇ. ಆದರೆ ನ್ಯೂಟ್ರಾನ್ ಒಂದು ಪುಟ್ಟ ಅಯಸ್ಕಾಂತವೂ ಹೌದು, ಎಲೆಕ್ಟ್ರಾನೂ ಹಾಗೆಯೇ. ಅಲ್ಲಿ ಅವೆರಡಕ್ಕೂ ನಂಟು. ಬೈಜಿಕ ಬಲದ ಸುದ್ದಿಯನ್ನು ಎಲೆಕ್ಟ್ರಾನ್ ತಂದುಕೊಡುವುದಿಲ್ಲ. ಪಕ್ಕದಲ್ಲಿಟ್ಟು ಅಳೆಯಲು ಅದೊಂದು ಅಳತೆಗೋಲು, ಅಷ್ಟೇ.

ನ್ಯೂಟ್ರಾನ್ ಅಲೆಯಂತೆಯೂ ವರ್ತಿಸುತ್ತದೆ. ನಿಧಾನಗತಿಯ ನ್ಯೂಟ್ರಾನಿನ ತರಂಗಾಂತರ ಸುಮಾರು 1.8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ನ್ಯೂಕ್ಲಿಯಸ್ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಚಿಕ್ಕದು. ನೀರಲ್ಲಿ ನೆಟ್ಟ ಕಡ್ಡಿಗೆ ದೊಡ್ಡ ಅಲೆ ಬಡಿದಂತೆ, ಚದುರಿದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ. ಎಲೆಕ್ಟ್ರಾನ್ ಮೋಡವಾದರೋ ತರಂಗಾಂತರಕ್ಕೆ ಸರಿಸಾಟಿಯಾದ ಅಗಲದ್ದು. ಅದರಿಂದ ಚದುರುವುದು ಕೋನ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಹಾಗಾಗಿ ಯಾವುದು ಯಾರ ಪಾಲೆಂದು ಬೇರ್ಪಡಿಸಬಹುದು.

ಕಬ್ಬಿಣವನ್ನೇ ನೋಡಿ. ಅದರ ನ್ಯೂಕ್ಲಿಯಸ್ಸಿನ ಚದುರಿಕೆ ಉದ್ದ, ಅಂದರೆ ಅದು ಎಷ್ಟು ಬಲವಾಗಿ ಚದುರಿಸುತ್ತದೆಂಬುದರ ಅಳತೆ, 9.45 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಆಂಗ್‌ಸ್ಟ್ರಾಮಿನ ಲಕ್ಷದಲ್ಲೊಂದು ಪಾಲು). ಜೋಡಿಯಿಲ್ಲದ ಎಲೆಕ್ಟ್ರಾನುಗಳ ಕಾಂತೀಯ ಪಾಲು, ನೇರ ಮುಂದಿನ ದಿಕ್ಕಿನಲ್ಲಿ, ಸುಮಾರು 6 ಫೆಮ್ಟೊಮೀಟರ್. ಕಬ್ಬಿಣವನ್ನು ಕಾಂತೀಕರಿಸಿ ನ್ಯೂಟ್ರಾನಿನ ಸ್ಪಿನ್ (ಅದರ ಪುಟ್ಟ ಅಯಸ್ಕಾಂತದ ದಿಕ್ಕು) ತಿರುಗಿಸಿದರೆ ಒಮ್ಮೆ ಎರಡೂ ಕೂಡಿ 15ರ ಆಸುಪಾಸು, ಇನ್ನೊಮ್ಮೆ ಕಳೆದು 3.5ರ ಆಸುಪಾಸು. ಬರೀ ತೀವ್ರತೆ ಅಳೆದರೆ ಸಿಗುವುದು ವರ್ಗಸಂಖ್ಯೆ. ಮೂಲ ಸಂಖ್ಯೆ ಧನವೋ ಋಣವೋ ತಿಳಿಯದು. ವಿದ್ಯುತ್ಕಾಂತೀಯ ಪಾಲನ್ನು ಲೆಕ್ಕ ಹಾಕಬಹುದಾದ್ದರಿಂದ, ಈ ಕೂಡಿಸಿ ಕಳೆಯುವ ಆಟದಲ್ಲಿ ಬೈಜಿಕ ಪಾಲಿನ ಚಿಹ್ನೆಯೂ ಹೊರಬೀಳುತ್ತದೆ. ನನ್ನ ಮಟ್ಟಿಗೆ ಇಡೀ ವಿಧಾನದ ಸೊಗಸು ಇಲ್ಲಿದೆ.

ಕ್ಸೆನಾನ್ ಅನಿಲದಲ್ಲಿ ಕಥೆ ಬೇರೆ. ಅದರ 54 ಎಲೆಕ್ಟ್ರಾನುಗಳೂ ಜೋಡಿಯಾಗಿ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸುವುದರಿಂದ ಕಾಂತೀಯ ಚದುರಿಕೆ ಇಲ್ಲವೆನ್ನಬಹುದು. ಆದರೂ ಅಷ್ಟೂ ಸೇರಿ 0.07 ಫೆಮ್ಟೊಮೀಟರಿನಷ್ಟು ಕೈಯಾಡಿಸುತ್ತವೆ, ನ್ಯೂಕ್ಲಿಯಸ್ಸಿನದು 4.9. ಭೌತವಿಜ್ಞಾನಿಗಳಾದ ಎನ್ರಿಕೊ ಫರ್ಮಿ ಮತ್ತು ಲಿಯೋನಾ ಮಾರ್ಷಲ್ 1947ರಲ್ಲಿ ಹುಡುಕಿದ್ದು ಈ ಚೂರನ್ನೇ, ಮುಂದಕ್ಕೂ ಹಿಂದಕ್ಕೂ ಚದುರಿದ ನ್ಯೂಟ್ರಾನುಗಳ ವ್ಯತ್ಯಾಸದಲ್ಲಿ. ಅದರ ಬಹುಪಾಲು, ಎಲೆಕ್ಟ್ರಾನುಗಳ ಕಾಂತತ್ವದಿಂದಲ್ಲ, ಅವುಗಳ ವಿದ್ಯುದಂಶ ನ್ಯೂಟ್ರಾನಿನ ಕಾಂತತ್ವಕ್ಕೆ ತಾಗುವುದರಿಂದಲೇ ಬರುತ್ತದೆಂದು ಮುಂದೆ ಭೌತವಿಜ್ಞಾನಿ ಫೋಲ್ಡಿ ತೋರಿಸಿದರು.

ಈಗ ಎಲೆಕ್ಟ್ರಾನಿನ ಪಾಲನ್ನು ಕಳೆದ ಮೇಲೂ ಕೋನದೊಂದಿಗೆ ಬದಲಾಗುವ ಏನಾದರೂ ಉಳಿದಿದೆಯೇ ಎಂದು ಹುಡುಕುತ್ತಾರೆ. ಉಳಿದರೆ ಅದು ನಮಗೆ ಗೊತ್ತಿಲ್ಲದ ಬಲವಿರಬಹುದು. 2021ರಲ್ಲಿ ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ನಿಸ್ಟ್‌ನ ತಂಡ ಸಿಲಿಕಾನ್ ಹರಳಿನಲ್ಲಿ ಹೀಗೆ ಹುಡುಕಿತು. ಹೊಸ ಬಲ ಸಿಗಲಿಲ್ಲ. ಇದ್ದರೂ ಎಷ್ಟು ದುರ್ಬಲವಿರಬೇಕೆಂಬ ಮಿತಿ ಇನ್ನಷ್ಟು ಬಿಗಿಯಾಯಿತು.